ಜಪಾನಿ ಕಂಪನಿಯ ಇಂಟರ್ವ್ಯೂ: ರೆಸ್ಯೂಮೆಯಿಂದ ಆಫರ್‌ವರೆಗೆ

ಜಪಾನಿ ಕಂಪನಿಯಿಂದ ಇಂಟರ್ವ್ಯೂ ಕರೆ ಬಂದ ತಕ್ಷಣ ನಮ್ಮವರು ಹುಡುಕುವುದು ಎಷ್ಟು ಬಾಗಿ ನಮಸ್ಕಾರ ಮಾಡಬೇಕು ಅನ್ನುವುದನ್ನು. ಅದೂ ಬೇಕು, ಮುಂದೆ ಹೇಳುತ್ತೇನೆ. ಆದರೆ ಕೆಲಸ ಸಿಗುವುದೋ ತಪ್ಪುವುದೋ ಅದರಿಂದಲ್ಲ. ಎದುರಿಗೆ ಕೂತವರಿಗೆ ನಿಮ್ಮ ಬಗ್ಗೆ ಇರುವ ಅನುಮಾನ ಎರಡೇ. ಇವರು ಇಲ್ಲಿ ನಿಲ್ಲುತ್ತಾರಾ? ಇವರ ಜೊತೆ ಕೆಲಸ ಮಾಡುವಾಗ ನಾವು ಎಣಿಸದ ತಲೆನೋವು ಏನಾದರೂ ಬರುತ್ತದಾ?

ಈ ಅನುಮಾನಕ್ಕೆ ಕಾರಣ ಇದೆ. ಜಪಾನಿನಲ್ಲಿ ಕಾಯಂ ನೌಕರರನ್ನು ಗಟ್ಟಿ ಕಾರಣ ಇಲ್ಲದೆ ತೆಗೆದರೆ ಅದು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಹಾಗಾಗಿ ಸೇರಿಸಿಕೊಳ್ಳುವಾಗಲೇ ಅಳೆದು ತೂಗಿ ನೋಡುತ್ತಾರೆ. ಹೊರದೇಶದವರಾದರೆ ವೀಸಾ, ಮನೆ, ಭಾಷೆ ಅಂತ ಕಂಪನಿಯ ಓಡಾಟವೂ ಜಾಸ್ತಿ. ನೀವು ಒಂದೇ ವರ್ಷಕ್ಕೆ ಬಿಟ್ಟು ಹೋದರೆ ನಿಮ್ಮನ್ನು ಆರಿಸಿದ ಮ್ಯಾನೇಜರ್ ತಲೆ ತಗ್ಗಿಸಬೇಕಾಗುತ್ತದೆ. ಮುಂದಿನ ಪ್ರತಿ ಹಂತದಲ್ಲೂ ಈ ಎರಡು ಅನುಮಾನಗಳನ್ನು ಮರೆಯಬೇಡಿ.

1. ಕಂಪನಿ ಯಾವ ಬಗೆಯದು ಅಂತ ನೋಡಿ

ಎಲ್ಲ ಜಪಾನಿ ಕಂಪನಿಗಳೂ ಒಂದೇ ಥರ ಅಲ್ಲ. ಹಳೇ ಬಗೆಯ ದೊಡ್ಡ ಕಂಪನಿಗಳು ಹೊಸ ಪದವೀಧರರನ್ನು ಗುಂಪಾಗಿ ತೆಗೆದುಕೊಳ್ಳುತ್ತವೆ. ಅವರೆಲ್ಲ ಏಪ್ರಿಲ್ 1ಕ್ಕೆ ಒಟ್ಟಿಗೆ ಸೇರುತ್ತಾರೆ. ಅನುಭವ ಇದ್ದವರ ನೇಮಕಾತಿ ಬೇರೆ ದಾರಿ, ಅದು ವರ್ಷವಿಡೀ ನಡೆಯುತ್ತದೆ. ಇನ್ನು ಇಂಗ್ಲಿಷಿನಲ್ಲೇ ಕೆಲಸ ನಡೆಸುವ ಕಂಪನಿಗಳೂ ಇವೆ. ರಾಕುಟೆನ್ 2010ರಲ್ಲಿ ಇಂಗ್ಲಿಷನ್ನು ಆಫೀಸು ಭಾಷೆ ಮಾಡುತ್ತೇವೆ ಅಂತ ಹೇಳಿ, 2012ರಿಂದ ಪೂರ್ತಿಯಾಗಿ ಜಾರಿಗೆ ತಂದಿತು. ಅಲ್ಲಿನ ಇಂಟರ್ವ್ಯೂಗೂ ಒಸಾಕಾದ ಒಂದು ಯಂತ್ರದ ಬಿಡಿಭಾಗದ ಕಾರ್ಖಾನೆಯ ಇಂಟರ್ವ್ಯೂಗೂ ಹೋಲಿಕೆಯೇ ಇಲ್ಲ.

ಜಾಹೀರಾತಿನಲ್ಲಿ ಬೇಕಾದ ಜಪಾನಿ ಮಟ್ಟ ಬರೆದಿರುತ್ತಾರೆ. ಜಪಾನಿಯಲ್ಲೇ ಇಂಟರ್ವ್ಯೂ ಅಂದರೆ ಸಾಮಾನ್ಯವಾಗಿ ಜೆಎಲ್‌ಪಿಟಿ ಅನ್ನುವ ಜಪಾನಿ ಭಾಷಾ ಪರೀಕ್ಷೆಯ ಎನ್2 (ಐದು ಮಟ್ಟಗಳಲ್ಲಿ ಮೇಲಿನಿಂದ ಎರಡನೆಯದು) ಕೇಳುತ್ತಾರೆ. ಈ ಪರೀಕ್ಷೆ ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ, ಬೆಂಗಳೂರಿನಲ್ಲೂ ಕೇಂದ್ರ ಇದೆ. ಒಂದು ವಿಷಯ ಗೊತ್ತಿರಲಿ. ಜೆಎಲ್‌ಪಿಟಿಯಲ್ಲಿ ಮಾತಾಡುವ ಭಾಗವೇ ಇಲ್ಲ. ಎನ್2 ಪಾಸಾಗಿಯೂ ಬಾಯಿ ತೆರೆಯಲಾಗದವರು ಇದ್ದಾರೆ ಅಂತ ಇಂಟರ್ವ್ಯೂ ಮಾಡುವವರಿಗೂ ಗೊತ್ತು. ಸರ್ಟಿಫಿಕೇಟು ಬಾಗಿಲು ತೆರೆಸುತ್ತದೆ, ಅಷ್ಟೇ. ಒಳಗೆ ಮಾತೇ ಆಡಬೇಕು. ಕನ್ನಡದವರಿಗೆ ಇಲ್ಲಿ ಸ್ವಲ್ಪ ಅನುಕೂಲ ಇದೆ. ಕ್ರಿಯಾಪದ ಕೊನೆಗೆ ಬರುವುದು, ವಿಭಕ್ತಿಯ ಹಾಗೆ ಪದದ ಹಿಂದೆ ಪ್ರತ್ಯಯ ಅಂಟುವುದು ನಮಗೆ ಹೊಸದಲ್ಲ. ವಾಕ್ಯವನ್ನು ಇಂಗ್ಲಿಷಿನಲ್ಲಿ ಯೋಚಿಸಿ ತಿರುಗಿಸುವ ಬದಲು ಕನ್ನಡದಲ್ಲಿ ಯೋಚಿಸಿದರೆ ಕೆಲಸ ಸಲೀಸು.

2. ವೀಸಾಗೆ ನಿಮ್ಮ ಓದು ಹೊಂದುತ್ತದಾ?

ಆಫೀಸು ಕೆಲಸ, ಎಂಜಿನಿಯರಿಂಗ್, ಭಾಷಾಂತರ ಇಂಥವಕ್ಕೆಲ್ಲ ಸಾಮಾನ್ಯವಾಗಿ ಸಿಗುವ ವೀಸಾವನ್ನು ಜಪಾನಿನಲ್ಲಿ ಚಿಕ್ಕದಾಗಿ ‘ಗಿಜಿನ್‌ಕೊಕು’ ಅನ್ನುತ್ತಾರೆ. ಇದಕ್ಕೆ ಡಿಗ್ರಿ ಇರಬೇಕು, ಮತ್ತು ಓದಿದ್ದಕ್ಕೂ ಮಾಡುವ ಕೆಲಸಕ್ಕೂ ಸಂಬಂಧ ಇರಬೇಕು. ಡಿಗ್ರಿ ಇಲ್ಲದ ಎಂಜಿನಿಯರಿಗೆ 10 ವರ್ಷದ ಅನುಭವ ಬೇಕು. ಆ ವಿಷಯ ಓದಿದ ವರ್ಷಗಳನ್ನೂ ಅದರಲ್ಲಿ ಸೇರಿಸಬಹುದು. ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿದವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ಮೂರು ಸುತ್ತು ಮುಗಿದಮೇಲೆ ವೀಸಾ ಆಗಲ್ಲ ಅಂತ ಗೊತ್ತಾಗುವುದು ಇಬ್ಬರಿಗೂ ನಷ್ಟ. ಕೇರ್‌ಗಿವರ್, ಹೋಟೆಲ್, ಕೃಷಿ ಮುಂತಾದ ಕೆಲಸಗಳಿಗೆ 2019ರ ಏಪ್ರಿಲ್‌ನಲ್ಲಿ ಶುರುವಾದ ‘ತೊಕುತೇ ಗಿನೋ’ ಅನ್ನುವ ಬೇರೆ ವೀಸಾ ಇದೆ. ಅದರ ಪರೀಕ್ಷೆಗಳೇ ಬೇರೆ, ಇಲ್ಲಿ ಅದಕ್ಕೆ ಕೈ ಹಾಕುವುದಿಲ್ಲ.

3. ಕಾಗದ ಪತ್ರ, ಮತ್ತು ನಿಮ್ಮ ಹೆಸರು

ಬೇಕಾಗುವುದು ಎರಡು ಕಾಗದ. ಒಂದು ‘ರಿರೆಕಿಶೊ’. ಇದು ಫಾರ್ಮಿನ ಥರದ್ದು, ಎಲ್ಲರದ್ದೂ ಒಂದೇ ನಮೂನೆ. ಇನ್ನೊಂದು ‘ಶೊಕುಮು ಕೇರೆಕಿಶೊ’. ಇದರಲ್ಲಿ ನೀವು ಮಾಡಿದ ಕೆಲಸದ ವಿವರ ಇರುತ್ತದೆ, ಎರಡು ಮೂರು ಪುಟ ಸಾಕು. ಬೆಂಗಳೂರಿನಲ್ಲಿ ಓಡಾಡುವ ಬಣ್ಣದ ರೆಸ್ಯೂಮೆಗಳು, ಐದು ಸ್ಟಾರ್ ಕೊಟ್ಟುಕೊಂಡ ಸ್ಕಿಲ್ ಪಟ್ಟಿಗಳು ಇಲ್ಲಿ ಬೇಡ.

ರಿರೆಕಿಶೊಗೆ 4 ಸೆಂ.ಮೀ. ಎತ್ತರ, 3 ಸೆಂ.ಮೀ. ಅಗಲದ ಫೋಟೊ ಬೇಕು. ಮೂರು ತಿಂಗಳೊಳಗೆ ತೆಗೆದದ್ದು, ಸೂಟಿನಲ್ಲಿ, ಸಾದಾ ಹಿನ್ನೆಲೆ. ಮದುವೆ ಫೋಟೊದಿಂದ ಕತ್ತರಿಸಿದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ. ಅಂಗಡಿಗಳಲ್ಲಿ ಈಗಲೂ ಹಳೇ ನಮೂನೆ ಸಿಗುತ್ತದೆ. ಜಪಾನಿನ ಕಾರ್ಮಿಕ ಸಚಿವಾಲಯ 2021ರಲ್ಲಿ ಕೊಟ್ಟ ಮಾದರಿಯಲ್ಲಿ ಲಿಂಗ ಬರೆಯುವುದು ನಿಮ್ಮ ಇಷ್ಟ. ಗಂಡ ಹೆಂಡತಿ ಇದ್ದಾರಾ, ಎಷ್ಟು ಜನ ಅವಲಂಬಿತರು ಅನ್ನುವ ಕಾಲಮ್ಮುಗಳೇ ಇಲ್ಲ. ಅದನ್ನೇ ಬಳಸಿ.

ಇಸವಿಯನ್ನು ಜಪಾನಿ ಲೆಕ್ಕದಲ್ಲಾದರೂ ಬರೆಯಿರಿ, ನಮ್ಮ ಲೆಕ್ಕದಲ್ಲಾದರೂ ಬರೆಯಿರಿ, ಎರಡನ್ನೂ ಬೆರೆಸಬೇಡಿ. ಈಗಿನ ರೇವಾ ಯುಗ 2019ರ ಮೇ 1ರಿಂದ ಶುರುವಾಯಿತು. ಇಸವಿಯಿಂದ 2018 ಕಳೆದರೆ ರೇವಾ ವರ್ಷ ಸಿಗುತ್ತದೆ. 2025 ಅಂದರೆ ರೇವಾ 7. ಓದನ್ನು ಹೈಸ್ಕೂಲಿನಿಂದ ಶುರು ಮಾಡುತ್ತಾರೆ. ನಮ್ಮ ಪಿಯುಸಿ ಅಲ್ಲಿನ ಹೈಸ್ಕೂಲಿನ ಕೊನೆಯ ವರ್ಷಗಳಿಗೆ ಸಮ. ‘ಪಿಯುಸಿ’ ಅಂತ ಬರೆದು ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ, 12ನೇ ತರಗತಿ ಅಂತ ಸ್ಪಷ್ಟ ಮಾಡಿ. ಬಿಇ ಮಾಡಿದವರಿಗೆ ಇನ್ನೊಂದು ತೊಡಕು. ಓದಿದ್ದು ಒಂದು ಕಾಲೇಜಿನಲ್ಲಿ, ಡಿಗ್ರಿ ಕೊಟ್ಟಿದ್ದು ವಿಟಿಯು. ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ವೀಸಾಗೆ ಡಿಗ್ರಿ ಸರ್ಟಿಫಿಕೇಟು ಕೊಟ್ಟಾಗ ಹೆಸರು ಹೊಂದಿಕೆಯಾಗಬೇಕು.

ಹೆಸರಿನದ್ದು ದೊಡ್ಡ ಕತೆ. ಜಪಾನಿ ಫಾರ್ಮುಗಳು ಮನೆತನದ ಹೆಸರು ಮತ್ತು ಸ್ವಂತ ಹೆಸರು ಎರಡನ್ನೂ ಕೇಳುತ್ತವೆ. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರೇ ಇಲ್ಲ, ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರು, ಊರಿನ ಹೆಸರು, ಇಲ್ಲವೇ ಖಾಲಿ. ಆಫೀಸಿನಲ್ಲಿ ಕರೆಯುವುದು ಮನೆತನದ ಹೆಸರಿನಿಂದ. ಹಾಗಾಗಿ ಇಡೀ ತಂಡ ನಿಮ್ಮನ್ನು ‘ರಂಗಪ್ಪ-ಸಾನ್’ ಅಂತ ಅಪ್ಪನ ಹೆಸರಿನಲ್ಲೇ ಕರೆಯಬಹುದು. ಇಂಟರ್ವ್ಯೂನಲ್ಲಿ ಹಾಗೆ ಕರೆದಾಗ ಯಾರನ್ನೋ ಕರೆದರು ಅಂತ ಸುಮ್ಮನೆ ಕೂರಬೇಡಿ. ‘ಮಾಂಜು ತೊ ಯೊಂದೆ ಕುದಸಾಯ್’, ಅಂದರೆ ಮಂಜು ಅಂತ ಕರೆಯಿರಿ ಅಂತ ಪರಿಚಯದಲ್ಲೇ ಹೇಳಿಬಿಡಿ. ತಪ್ಪೇನಿಲ್ಲ.

ಹೊರದೇಶದ ಹೆಸರುಗಳಿಗೆ ಬಳಸುವ ಜಪಾನಿ ಲಿಪಿ ಕತಕಾನಾದಲ್ಲಿ ಹೆಸರು ಬರೆಯುವ ಬಗೆಯನ್ನೂ ಈಗಲೇ ತೀರ್ಮಾನಿಸಿ. ಅವರ ಭಾಷೆಯಲ್ಲಿ ರ, ಲ ಬೇರೆ ಬೇರೆ ಇಲ್ಲ, ಒತ್ತಕ್ಷರಗಳೂ ಬಿಡಿಯಾಗುತ್ತವೆ. ಲಕ್ಷ್ಮಿ ಹೋಗಿ ‘ರಾಕುಶುಮಿ’ ಆಗುತ್ತಾಳೆ. ಯಾವ ರೂಪ ಆರಿಸಿದರೂ ರಿರೆಕಿಶೊ, ಮೇಲ್, ಆಮೇಲೆ ಬ್ಯಾಂಕು ಎಲ್ಲ ಕಡೆ ಅದೇ ಇರಲಿ. ರೋಮನ್ ಅಕ್ಷರಗಳಲ್ಲಿ ಮಾತ್ರ ಪಾಸ್‌ಪೋರ್ಟಿನಲ್ಲಿ ಇದ್ದಂತೆ, ಒಂದಕ್ಷರವೂ ಬದಲಾಗದೆ.

4. ಉತ್ತರಗಳ ತಯಾರಿ

ಇದಕ್ಕೇ ಜಾಸ್ತಿ ಸಮಯ ಕೊಡಿ.

ಮೊದಲು ಪರಿಚಯ, ಒಂದು ನಿಮಿಷದೊಳಗೆ. ‘ಹಾಜಿಮೆಮಾಶಿತೆ’ (ಮೊದಲ ಭೇಟಿಯ ನಮಸ್ಕಾರ) ಅಂತ ಶುರು ಮಾಡಿ, ಹೆಸರು ಹೇಳಿ ‘ತೊ ಮೋಶಿಮಸು’ (ಅಂತ ನನ್ನ ಹೆಸರು) ಸೇರಿಸಿ. ಎಲ್ಲಿಯವರು, ಎಷ್ಟು ವರ್ಷದಿಂದ ಏನು ಕೆಲಸ, ಈಗ ಯಾಕೆ ಬಂದಿದ್ದೀರಿ. ಕೊನೆಗೆ ‘ಯೊರೊಶಿಕು ಒನೆಗಾಯ್ ಇತಾಶಿಮಸು’, ಅಂದರೆ ದಯವಿಟ್ಟು ನನ್ನ ಕಡೆ ಗಮನ ಇರಲಿ ಅಂತ. ಇಂಟರ್ವ್ಯೂ ಇಂಗ್ಲಿಷಿನಲ್ಲೇ ಇದ್ದರೂ ಈ ಮೊದಲ ಮತ್ತು ಕೊನೆಯ ಮಾತನ್ನು ಜಪಾನಿಯಲ್ಲಿ ಹೇಳಿ. ಎದುರಿನವರ ಮುಖ ಸಡಿಲವಾಗುವುದು ಕಾಣಿಸುತ್ತದೆ. ಅವರ ಕಂಪನಿಯನ್ನು ಮಾತಿನಲ್ಲಿ ‘ಒನ್‌ಶಾ’ ಅನ್ನಿ, ಬರವಣಿಗೆಯಲ್ಲಿ ‘ಕಿಶಾ’.

ಆಮೇಲೆ ‘ಯಾಕೆ ಜಪಾನ್?’ ಅನಿಮೆ ಇಷ್ಟ ಅನ್ನುವುದು ಸುಳ್ಳಲ್ಲದಿರಬಹುದು. ಆದರೆ ಅದು ಮೊದಲ ಅನುಮಾನಕ್ಕೆ ಉತ್ತರ ಅಲ್ಲ. ಅನಿಮೆಯನ್ನು ತುಮಕೂರಿನಲ್ಲಿ ಕೂತೂ ನೋಡಬಹುದು ಅಲ್ವಾ? ಜಪಾನಿನಲ್ಲಿ ಮಾತ್ರ ಆಗುವ ಕೆಲಸ ಯಾವುದು, ಅದಕ್ಕಾಗಿ ನೀವು ಈವರೆಗೆ ಏನು ಮಾಡಿದ್ದೀರಿ ಅನ್ನುವುದನ್ನು ಹೇಳಿ. ಬಿಡದಿಯ ಟೊಯೊಟಾದಲ್ಲೋ ನರಸಾಪುರದ ಹೊಂಡಾದಲ್ಲೋ ಅವರ ಬಿಡಿಭಾಗ ಪೂರೈಸುವ ಕಡೆಯೋ ದುಡಿದವರಿಗೆ ಇದು ಸುಲಭ. ಜಪಾನಿ ಪದ್ಧತಿಯ ಒಳಗೆ ಕೆಲಸ ಮಾಡಿ ಗೊತ್ತು, ಅದರ ಮೂಲದಲ್ಲಿ ಕಲಿಯಬೇಕು ಅಂದರೆ ನಂಬುತ್ತಾರೆ. ಹಾಗೇ ‘ಯಾಕೆ ನಮ್ಮ ಕಂಪನಿ?’ ಇದಕ್ಕೆ ‘ಶಿಬೋ ದೋಕಿ’ ಅಂತಲೇ ಹೆಸರಿದೆ, ರಿರೆಕಿಶೊದಲ್ಲಿ ಅದಕ್ಕೆ ಜಾಗವೂ ಇದೆ. ಕಂಪನಿಯ ಹೆಸರು ಬದಲಿಸಿದರೂ ನಿಮ್ಮ ಉತ್ತರ ಹಾಗೇ ಹೊಂದುತ್ತದಾ? ಹೊಂದಿದರೆ ಅದು ಕೆಟ್ಟ ಉತ್ತರ, ಮತ್ತೆ ಬರೆಯಿರಿ.

‘ಹಿಂದಿನ ಕೆಲಸ ಯಾಕೆ ಬಿಟ್ಟಿರಿ?’ ಬೆಂಗಳೂರಿನ ಐಟಿಯಲ್ಲಿ ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸುವುದು ಮಾಮೂಲು. ಜಪಾನಿನಲ್ಲಿ ಅದನ್ನು ನೋಡಿ ಹುಬ್ಬೇರಿಸುತ್ತಾರೆ. ಸಂಬಳಕ್ಕೆ ಅಂತ ಬಾಯಿಬಿಡಬೇಡಿ, ಹಳೇ ಮ್ಯಾನೇಜರನ್ನು ಬೈಯಲೇಬೇಡಿ. ಪ್ರತಿ ಬದಲಾವಣೆಯಲ್ಲೂ ಏನು ಹೊಸದು ಕಲಿತಿರಿ, ಅದು ಈ ಕೆಲಸಕ್ಕೆ ಹೇಗೆ ಬಂದು ಸೇರುತ್ತದೆ ಅಂತ ಒಂದು ಗೆರೆ ಎಳೆದು ತೋರಿಸಿ. ಗೆರೆ ಇಲ್ಲದಿದ್ದರೆ ಇಲ್ಲದ್ದನ್ನು ಕಟ್ಟಬೇಡಿ. ‘ಆಗ ದಿಕ್ಕು ಗೊತ್ತಿರಲಿಲ್ಲ, ಈಗ ಇದೆ’ ಅನ್ನುವುದು ಕಟ್ಟುಕತೆಗಿಂತ ಮೇಲು.

ಎರಡನೇ ಅನುಮಾನವನ್ನು ಅಳೆಯುವ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ. ‘ಗಡುವಿನೊಳಗೆ ಕೆಲಸ ಮುಗಿಯಲ್ಲ ಅಂತ ಗೊತ್ತಾದರೆ ಏನು ಮಾಡುತ್ತೀರಿ?’ ನಮ್ಮ ಹುಡುಗರು ಹೆಮ್ಮೆಯಿಂದ ಹೇಳುವ ಉತ್ತರ: ಹಗಲು ರಾತ್ರಿ ಕೂತು ಹೇಗಾದರೂ ಮುಗಿಸುತ್ತೇನೆ. ಇಲ್ಲಿ ಇದು ಭಯ ಹುಟ್ಟಿಸುವ ಉತ್ತರ. ಯಾಕೆಂದರೆ ಕೊನೇ ದಿನದವರೆಗೂ ಬಾಸ್‌ಗೆ ಏನೂ ಗೊತ್ತಿರುವುದಿಲ್ಲ. ಜಪಾನಿ ಆಫೀಸುಗಳಲ್ಲಿ ‘ಹೋರೆನ್‌ಸೋ’ ಅನ್ನುವ ಪಾಠವನ್ನು ಹೊಸಬರಿಗೆಲ್ಲ ಮೊದಲೇ ಹೇಳಿಕೊಡುತ್ತಾರೆ: ವರದಿ ಮಾಡು, ತಿಳಿಸು, ಕೇಳಿ ಮಾಡು. ಅವರಿಗೆ ಬೇಕಾದ ಉತ್ತರ ಇಷ್ಟು. ತಡವಾಗುವ ಸೂಚನೆ ಕಂಡ ದಿನವೇ ಹೇಳುತ್ತೇನೆ, ಎಷ್ಟು ಉಳಿದಿದೆ ಅಂತ ತೋರಿಸುತ್ತೇನೆ, ಎರಡು ದಾರಿ ಮುಂದಿಟ್ಟು ಯಾವುದು ಅಂತ ಕೇಳುತ್ತೇನೆ. ಹಾಗೆ ಮಾಡಿದ ನಿಜವಾದ ಒಂದು ಸಂದರ್ಭ ನಿಮ್ಮ ಬಳಿ ಇದ್ದರೆ ಅದೇ ನಿಮ್ಮ ಒಳ್ಳೇ ಬಂಡವಾಳ. ಸೋತ ಕೆಲಸದ ಬಗ್ಗೆ ಕೇಳಿದಾಗಲೂ ಇದೇ ದಾರಿ. ಏನಾಯಿತು, ನಿಮ್ಮ ಪಾಲು ಎಷ್ಟು, ಮತ್ತೆ ಆಗದ ಹಾಗೆ ಏನು ಬದಲಿಸಿದಿರಿ.

ಉತ್ತರದಲ್ಲಿ ಮುಖ್ಯ ಮಾತು ಮೊದಲು, ಕಾರಣ ಆಮೇಲೆ. ಒಂದೂವರೆ ನಿಮಿಷ ದಾಟಿದರೆ ನಿಲ್ಲಿಸಿ. ಅವರು ಬೇಕಾದರೆ ‘ಗುತೈತೆಕಿ ನಿ ವಾ?’ ಅಂತ ಬಿಡಿಸಿ ಹೇಳಲು ಕೇಳುತ್ತಾರೆ. ಈ ಕೆದಕುವ ಪ್ರಶ್ನೆಗಳಿಗೇ ಬಾಯಿಪಾಠ ಮಾಡಿದವರು ತಡವರಿಸುವುದು. ಆದ್ದರಿಂದ ವಾಕ್ಯಗಳನ್ನು ಉರು ಹೊಡೆಯಬೇಡಿ, ವಿಷಯಗಳ ಪಟ್ಟಿ ಮಾಡಿಕೊಳ್ಳಿ. ಪ್ರಶ್ನೆ ಅರ್ಥವಾಗದಿದ್ದರೆ ಊಹಿಸಿ ಉತ್ತರಿಸುವುದು ಬೇಡ. ‘ಮೋಶಿವಾಕೆ ಗೊಜಾಇಮಾಸೆನ್, ಮೋ ಇಚಿದೊ ಒನೆಗಾಯ್ ಇತಾಶಿಮಸು’ ಅಂತ ಇನ್ನೊಮ್ಮೆ ಕೇಳಿ. ಅರ್ಥವಾಗದಿದ್ದಾಗ ಕೇಳುವವರು ಅನ್ನುವುದೂ ಒಂದು ಒಳ್ಳೇ ಗುರುತೇ.

ಸಂಬಳ ಎಷ್ಟು ಬೇಕು ಅಂದರೆ ‘ಒನ್‌ಶಾ ನೊ ಕಿತೇ ನಿ ಶಿತಾಗಾಇಮಸು’, ಅಂದರೆ ನಿಮ್ಮ ನಿಯಮದಂತೆ ಆಗಲಿ ಅನ್ನುವುದು ಹಳೇ ಸುರಕ್ಷಿತ ಉತ್ತರ. ಹೊಸಬರಿಗೆ ಸರಿ. ಅನುಭವ ಇದ್ದವರು ಈಗಿನ ಸಂಬಳ ಮತ್ತು ಒಂದು ಅಂದಾಜು ಹೇಳುವುದೇ ಮೇಲು ಅಂತ ನನ್ನ ಅನಿಸಿಕೆ. ಧರ್ಮ, ಹುಟ್ಟಿದ ಊರು, ಮನೆಯವರ ಕೆಲಸ ಇವನ್ನೆಲ್ಲ ಕೇಳಬಾರದು ಅಂತ ಕಾರ್ಮಿಕ ಸಚಿವಾಲಯವೇ ಕಂಪನಿಗಳಿಗೆ ಹೇಳಿದೆ. ಆದರೂ ಕೆಲವರು ಮಾತಿನ ಮಧ್ಯೆ ಕೇಳುತ್ತಾರೆ. ಒಂದು ಸಾಲಿನಲ್ಲಿ ಮುಗಿಸಿ ಕೆಲಸದ ವಿಷಯಕ್ಕೆ ಬನ್ನಿ.

5. ಆ ದಿನ

ಭಾರತದಲ್ಲಿದ್ದರೆ ಮೊದಲ ಸುತ್ತು ಬಹುಪಾಲು ಆನ್‌ಲೈನ್. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅವರ ಬೆಳಗಿನ 10 ಗಂಟೆ ನಮ್ಮ 6:30. ಕನ್ಫರ್ಮ್ ಮಾಡುವ ಮೇಲ್‌ನಲ್ಲಿ ಎರಡೂ ಸಮಯ ಬರೆಯಿರಿ. ಐದು ನಿಮಿಷ ಮುಂಚೆ ಲಾಗಿನ್ ಆಗಿ, ಮೊಬೈಲ್ ಹಾಟ್‌ಸ್ಪಾಟ್ ಸಿದ್ಧ ಇರಲಿ. ಅಡುಗೆಮನೆಯ ಕುಕ್ಕರ್‌ಗೂ ಸ್ವಲ್ಪ ರಜೆ ಕೊಡಿಸಿ. ಕೇಳುವಾಗ ‘ಹಾಯ್’ (ಜಪಾನಿಯಲ್ಲಿ ಹೌದು) ಅನ್ನುತ್ತ ತಲೆಯನ್ನು ಮೇಲೆ ಕೆಳಗೆ ಆಡಿಸಿ. ನಮ್ಮ ಅಭ್ಯಾಸದ ಅಡ್ಡ ಆಡಿಸುವಿಕೆ ಅವರಿಗೆ ಹೌದೋ ಅಲ್ಲವೋ ಅಂತ ಗೊತ್ತೇ ಆಗುವುದಿಲ್ಲ. ನೀವು ಉತ್ತರ ಮುಗಿಸಿದಮೇಲೆ ಅವರು ಸುಮ್ಮನೆ ಬರೆದುಕೊಳ್ಳುತ್ತ ಕೂತರೆ ಗಾಬರಿ ಬೇಡ. ಆ ಮೌನ ತುಂಬಿಸಲು ಹೋಗಿ ಬೇಡದ್ದನ್ನು ಹೇಳುವವರೇ ಜಾಸ್ತಿ.

ಆಫೀಸಿಗೆ ಹೋಗುವುದಾದರೆ ಕಡು ಬಣ್ಣದ ಸೂಟು, ಬಿಳಿ ಅಂಗಿ. ‘ನಿಮಗಿಷ್ಟವಾದ ಬಟ್ಟೆಯಲ್ಲಿ ಬನ್ನಿ’ ಅಂದರೂ ಜೀನ್ಸ್ ಹಾಕಬೇಡಿ, ಒಂದು ಜಾಕೆಟ್ ಇರಲಿ. ಮೂಗುತಿ, ಕುಂಕುಮ, ತಾಳಿಗೆ ಯಾವ ನಿಯಮವೂ ಅಡ್ಡ ಬರುವುದಿಲ್ಲ, ನಿಮ್ಮ ಇಷ್ಟ. ಘಾಟು ಸೆಂಟು ಮಾತ್ರ ಖಂಡಿತ ಬೇಡ, ಅಲ್ಲಿನವರಿಗೆ ವಾಸನೆಯ ವಿಷಯದಲ್ಲಿ ತುಂಬ ಕಿರಿಕಿರಿ.

ಸ್ಟೇಷನ್ನಿಗೆ ಬೇಗ ತಲುಪಿ, ಆದರೆ ರಿಸೆಪ್ಷನ್ನಿಗೆ 5ರಿಂದ 10 ನಿಮಿಷ ಮುಂಚೆ ಮಾತ್ರ ಹೋಗಿ. ಅರ್ಧ ಗಂಟೆ ಮುಂಚೆ ಹೋದರೆ ಅವರಿಗೆ ತೊಂದರೆ. ಚಳಿಗಾಲದ ಕೋಟನ್ನು ಕಟ್ಟಡದ ಹೊರಗೇ ಬಿಚ್ಚಿ ಕೈಯಲ್ಲಿ ಹಿಡಿಯಿರಿ. ಬಾಗಿಲಿಗೆ ಮೂರು ಸಲ ತಟ್ಟಿ, ‘ಶಿತ್ಸುರೇ ಶಿಮಸು’ (ಕ್ಷಮಿಸಿ, ಒಳಗೆ ಬರುತ್ತೇನೆ) ಅಂದು ಒಳಗೆ ಬನ್ನಿ. ಕುರ್ಚಿಯ ಪಕ್ಕ ನಿಂತು ಹೆಸರು ಹೇಳಿ, ಸುಮಾರು 30 ಡಿಗ್ರಿ ಬಾಗಿ. ಮಾತು ಮುಗಿಸಿ ಆಮೇಲೆ ಬಾಗುವುದು, ಎರಡನ್ನೂ ಒಟ್ಟಿಗೆ ಮಾಡಬೇಡಿ. ಅವರು ‘ದೋಝೊ’ (ದಯವಿಟ್ಟು ಕೂರಿ) ಅಂದಮೇಲೆ ಕೂರಿ. ಬ್ಯಾಗು ಕಾಲ ಹತ್ತಿರ ನೆಲದ ಮೇಲೆ. ಹೊರಡುವಾಗ ಕುರ್ಚಿಯ ಹತ್ತಿರ ಒಂದು ಸಲ, ಬಾಗಿಲಲ್ಲಿ ಇನ್ನೊಂದು ಸಲ ಬಾಗಿ. ಕೋನ ಅಳೆಯಲು ಯಾರೂ ಕೂತಿಲ್ಲ. ವಿದೇಶಿಯವರಿಂದ ಇದರಲ್ಲಿ ಚೂರು ಹೆಚ್ಚು ಕಡಿಮೆ ಆದರೆ ಯಾರೂ ಲೆಕ್ಕಕ್ಕಿಡುವುದಿಲ್ಲ. ತಡವಾಗಿ ಬಂದರೆ ಮಾತ್ರ ಇಡುತ್ತಾರೆ. ರೈಲು ತಡವಾದರೆ ಸ್ಟೇಷನ್ನಿನಲ್ಲಿ ಅದಕ್ಕೆ ಚೀಟಿ ಕೊಡುತ್ತಾರೆ ನಿಜ, ಆದರೆ ಮೊದಲು ಫೋನ್ ಮಾಡಿ ತಿಳಿಸಿ.

6. ‘ನಿಮ್ಮ ಕಡೆಯಿಂದ ಏನಾದರೂ ಪ್ರಶ್ನೆ?’

ಇದು ಸೌಜನ್ಯಕ್ಕೆ ಕೇಳುವುದಲ್ಲ. ‘ಗ್ಯಾಕು ಶಿತ್ಸುಮೋನ್’ ಅನ್ನುವ ಈ ಹಂತಕ್ಕೂ ಅಂಕ ಇದೆ. ಏನೂ ಇಲ್ಲ ಅಂದರೆ ಆಸಕ್ತಿ ಇಲ್ಲ ಅಂತ ಅರ್ಥ ಮಾಡಿಕೊಳ್ಳುತ್ತಾರೆ. ನಾಲ್ಕೈದು ಬರೆದುಕೊಂಡು ಹೋಗಿ, ಒಂದೆರಡಕ್ಕೆ ಮಾತಿನ ಮಧ್ಯೆಯೇ ಉತ್ತರ ಸಿಕ್ಕಿಬಿಡುತ್ತದೆ. ಸೇರಿದ ಮೊದಲ ಮೂರು ತಿಂಗಳಲ್ಲಿ ನನ್ನಿಂದ ಏನು ನಿರೀಕ್ಷೆ? ತಂಡದಲ್ಲಿ ಮೀಟಿಂಗು ಯಾವ ಭಾಷೆಯಲ್ಲಿ? ಸೇರುವ ಮುಂಚೆ ಏನು ಓದಿಕೊಂಡು ಬಂದರೆ ಅನುಕೂಲ? ರಜೆ ಮತ್ತು ಓವರ್‌ಟೈಮ್ ಬಗ್ಗೆ ಮ್ಯಾನೇಜರನ್ನು ಮೊದಲ ಸುತ್ತಿನಲ್ಲೇ ಕೇಳುವ ಬದಲು ಆಫರ್ ಹಂತದಲ್ಲಿ ಎಚ್‌ಆರ್ ಹತ್ತಿರ ಕೇಳಿ.

7. ಆಮೇಲೆ

ಅದೇ ದಿನ ನಾಲ್ಕು ಸಾಲಿನ ಧನ್ಯವಾದದ ಮೇಲ್ ಕಳಿಸಿ. ಕಡ್ಡಾಯವಲ್ಲ, ಆದರೆ ಚೆಂದ. ಆಗಲಿಲ್ಲ ಅಂದರೆ ನಿಮ್ಮ ಮುಂದಿನ ಏಳಿಗೆಗೆ ಪ್ರಾರ್ಥಿಸುತ್ತೇವೆ ಅಂತ ಮುಗಿಯುವ ಮೇಲ್ ಬರುತ್ತದೆ. ಅಲ್ಲಿನ ಹುಡುಗರೂ ಅದನ್ನು ‘ಪ್ರಾರ್ಥನೆ ಮೇಲ್’ ಅಂತಲೇ ಗೇಲಿ ಮಾಡುತ್ತಾರೆ.

ಆಯ್ಕೆಯಾದರೆ ‘ನೈತೇ’, ಅಂದರೆ ಕೆಲಸದ ಆಫರ್ ಬರುತ್ತದೆ. ಕುಣಿಯುವ ಮುಂಚೆ ಕೆಲಸದ ಷರತ್ತುಗಳ ಪತ್ರ ಕೇಳಿ ಓದಿ. ಕಾನೂನಿನಂತೆ ಅದನ್ನು ಲಿಖಿತವಾಗಿ ಕೊಡಲೇಬೇಕು. 2024ರ ಏಪ್ರಿಲ್‌ನಿಂದ ಮುಂದೆ ಊರು ಅಥವಾ ಕೆಲಸ ಎಷ್ಟರ ಮಟ್ಟಿಗೆ ಬದಲಾಗಬಹುದು ಅನ್ನುವುದನ್ನೂ ಅದರಲ್ಲಿ ಬರೆಯಬೇಕು. ‘ಮಿನಾಶಿ ಝಾಂಗ್ಯೋ’ ಇದೆಯಾ ನೋಡಿ. ಅಂದರೆ ತಿಂಗಳಿಗೆ ಇಷ್ಟು ಗಂಟೆ ಓವರ್‌ಟೈಮ್ ಹಣ ಸಂಬಳದಲ್ಲೇ ಸೇರಿದೆ ಅಂತ. ಸಾಮಾನ್ಯವಾಗಿ ಓವರ್‌ಟೈಮ್‌ಗೆ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಗಂಟೆ ಮಿತಿ. ವರ್ಷದ ಸಂಬಳ ಅಂತ ಹೇಳಿದ್ದರಲ್ಲಿ ಬೋನಸ್ಸು ಸೇರಿದೆಯಾ ಅಂತಲೂ ಕೇಳಿ. ನಿವಾಸಿ ತೆರಿಗೆಯನ್ನು ಹಿಂದಿನ ವರ್ಷದ ಆದಾಯದ ಮೇಲೆ ಹಾಕುತ್ತಾರೆ. ಹಾಗಾಗಿ ಹೊಸದಾಗಿ ಹೋದವರಿಗೆ ಎರಡನೇ ವರ್ಷದ ಜೂನ್‌ನಿಂದ ಕೈಗೆ ಬರುವ ಹಣ ಕಡಿಮೆಯಾಗುತ್ತದೆ. ಮನೆಗೆ ಕಳಿಸುವ ಲೆಕ್ಕ ಹಾಕುವಾಗ ಇದನ್ನು ಸೇರಿಸಿಕೊಳ್ಳಿ. ಕೆಲಸ ಕೊಡಿಸಲು ದುಡ್ಡು ಕೇಳುವ ಏಜೆಂಟರಿಂದ ದೂರ ಇರಿ. ಜಪಾನಿನ ಕಾನೂನಿನಲ್ಲಿ ಕೆಲಸ ಹುಡುಕುವವರಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ, ವಿನಾಯಿತಿಗಳು ತೀರಾ ಕಡಿಮೆ.

ಕೊನೆಗೆ ತಾರೀಖಿನ ಲೆಕ್ಕ. ಕಂಪನಿ ಜಪಾನಿನಲ್ಲಿ ನಿಮ್ಮ ಪರವಾಗಿ ಸಿಒಇ ಅನ್ನುವ ಅರ್ಹತಾ ಪತ್ರಕ್ಕೆ ಅರ್ಜಿ ಹಾಕುತ್ತದೆ. ಅದು ಬರಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು. ಬಂದ ಮೂರು ತಿಂಗಳೊಳಗೆ ವೀಸಾ ಮಾಡಿಸಿ ಜಪಾನಿಗೆ ಇಳಿಯಬೇಕು. ಬೆಂಗಳೂರಿನ ಎಷ್ಟೋ ಕಂಪನಿಗಳ ನೋಟಿಸ್ ಪೀರಿಯಡ್ 90 ದಿನ. ಸಿಒಇ ಬಂದಮೇಲೆ ರಾಜೀನಾಮೆ ಕೊಡೋಣ ಅಂತ ಕೂತರೆ ಅವಧಿಯೇ ಮುಗಿದುಹೋಗುತ್ತದೆ. ಮೊದಲೇ ಕೊಟ್ಟರೆ ಮಧ್ಯೆ ಕೆಲವು ವಾರ ಸಂಬಳ ಇರದಿರಬಹುದು. ಜಪಾನಿನಲ್ಲಿ ಒಂದು ತಿಂಗಳ ನೋಟಿಸ್ಸೇ ರೂಢಿ, 90 ದಿನ ಅಂದರೆ ಅವರು ನಂಬುವುದಿಲ್ಲ. ಹಾಗಾಗಿ ‘ಯಾವಾಗ ಸೇರುತ್ತೀರಿ?’ ಅಂತ ಇಂಟರ್ವ್ಯೂನಲ್ಲಿ ಕೇಳಿದಾಗಲೇ ಇದನ್ನು ಬಿಡಿಸಿ ಹೇಳಿ. ಅರ್ಜಿ ಹಾಕುವ ದಿನ ಯಾವುದು ಅಂತ ಎಚ್‌ಆರ್ ಜೊತೆ ಕೂತು ಗೊತ್ತುಮಾಡಿಕೊಂಡು, ಆಮೇಲೆ ರಾಜೀನಾಮೆಯ ತಾರೀಖು ಇಡಿ.